ಸಹಾಯ ಬೇಕು: ಪಿತ್ತದ ಕಾಲುವೆ ಮೂಡುತ್ತಿಲ್ಲ

ನಮಸ್ಕಾರ. ರಜೆಗೆ ಶಿರಸಿಗೆ ಬಂದಿದ್ದೇನೆ, ತಲೆ ಮಾತ್ರ ಲ್ಯಾಬಿನಲ್ಲೇ ಇದೆ. ಇಲಿಯ ಯಕೃತ್ತಿನ ಕೋಶಗಳನ್ನು ಕೊಲಾಜೆನ್ ಎಂಬ ಪ್ರೋಟೀನಿನ ಎರಡು ಪದರಗಳ ನಡುವೆ ಬೆಳೆಸುತ್ತಿದ್ದೇನೆ. ನಾಲ್ಕೈದು ದಿನಕ್ಕೆ ಕೋಶಗಳ ಮಧ್ಯೆ ಸಣ್ಣ ಪಿತ್ತದ ಕಾಲುವೆಗಳು ಮೂಡಬೇಕು. ಹೊಳೆಯುವ ಸಿಡಿಎಫ್ ಬಣ್ಣವನ್ನು ಎಂಆರ್‌ಪಿ2 ಪ್ರೋಟೀನ್ ಆ ಕಾಲುವೆಗೆ ದೂಡುತ್ತದೆ, ಆಗ ಹಸಿರು ಗೆರೆಗಳು ಕಾಣುತ್ತವೆ. ನನಗೆ ಕಾಣುವುದು ಬರೀ ಹಸಿರು ಮಬ್ಬು. ಬಸಿಗಾಲುವೆ ಇಲ್ಲದ ಅಡಿಕೆ ತೋಟದ ಹಾಗೆ!

ಕ್ಯಾಲ್ಸಿಯಂ ಇಲ್ಲದಿದ್ದರೆ ಕೋಶಗಳ ಬೆಸುಗೆ ಬಿಟ್ಟು ಪಿತ್ತ ಸೋರುತ್ತದೆ ಅಲ್ವಾ? ತೊಳೆಯುವ ದ್ರಾವಣ ನೋಡಿದೆ, ಕ್ಯಾಲ್ಸಿಯಂ ಇದೆ. ಅನುಮಾನ ಈಗ ಮೇಲಿನ ಕೊಲಾಜೆನ್ ಪದರದ ಮೇಲೆ. ಕೊಲಾಜೆನ್ ಕರಗಿಸಿದ ಆಮ್ಲದ ಹುಳಿ ಸರಿಯಾಗಿ ಹೋಗಿಲ್ಲವೋ ಏನೋ.

ಈ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಮೇಲಿನ ಪದರ ಯಾವಾಗ ಹಾಕುತ್ತೀರಿ, ಕೋಶ ಬೆಳೆಸುವ ದ್ರವಕ್ಕೆ ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್ ಎಷ್ಟು ಸೇರಿಸುತ್ತೀರಿ? ದಯವಿಟ್ಟು ತಿಳಿಸಿ. ಸೋಮವಾರ ಹೊಸ ಬ್ಯಾಚ್ ಹಾಕಬೇಕು.