ಬೇಸಿಗೆ ಬಿಸಿಲನ್ನ ಹೈಡ್ರೋಜನ್ ಮಾಡಿ ಮಳೆಗಾಲಕ್ಕೆ ಇಟ್ಕೊಳ್ಬೋದಾ? ಗೊತ್ತಿರೋರು ಹೇಳಿ

ಹೊಸನಗರದ ಮಾಣಿ:
ನಮ್ದು ತೋಟದ ಮನೆ, ಪೇಟೆಯಿಂದ ಸುಮಾರು ಒಳಗೆ. 3 ಕಿಲೋವ್ಯಾಟ್ ಸೋಲಾರ್ ಇದೆ, ಬೇಸಿಗೇಲಿ ಮಧ್ಯಾಹ್ನಕ್ಕೇ ಬ್ಯಾಟರಿ ತುಂಬಿ ಆಮೇಲಿಂದೆಲ್ಲಾ ವೇಸ್ಟು. ಜೂನ್ ಬಂತೋ ಪೂರಾ ಉಲ್ಟಾ, ಬಿಸಿಲೂ ಇಲ್ಲ, ಮರ ಬಿದ್ದು ಲೈನ್ ಹೋದ್ರೆ ವಾರಗಟ್ಲೆ ಕರೆಂಟೂ ಇಲ್ಲ. ಮೊನ್ನೆ ಜರ್ಮನಿಯ ಪಿಸಿಯಾ ಅನ್ನೋ ಸಿಸ್ಟಮ್ ವಿಡಿಯೋ ನೋಡ್ದೆ, ಬೇಸಿಗೆ ಸೋಲಾರಲ್ಲಿ ನೀರು ಒಡೆದು ಹೈಡ್ರೋಜನ್ ಮಾಡಿ ಮನೆ ಹೊರಗೆ ಸಿಲಿಂಡರಲ್ಲಿ ತುಂಬಿಡ್ತಾರೆ, ಚಳಿಗಾಲದಲ್ಲಿ ಫ್ಯೂಯೆಲ್ ಸೆಲ್ ಅನ್ನೋ ಯಂತ್ರದಲ್ಲಿ ಆ ಹೈಡ್ರೋಜನ್ನಿಂದ ವಾಪಸ್ ಕರೆಂಟ್. ಅವ್ರಿಗೆ ಚಳಿಗಾಲ ಹೆಂಗೋ ನಮಗೆ ಮಳೆಗಾಲ ಹಂಗೆ ಅಲ್ವಾ, ಇಲ್ಯಾಕೆ ಯಾರೂ ಮಾಡಲ್ಲ?

ಧಾರವಾಡ ಪೇಡಾ:
ಯಾಕಂದ್ರ ರೊಕ್ಕ ಸರ. ನಾ ಇನ್ವರ್ಟರ್ ಬ್ಯಾಟ್ರಿ ಲೈನಿನಾಗ ಇರಾಂವ, ಲಿಥಿಯಮ್ ಬ್ಯಾಟ್ರಿ ರೇಟ್ ಹೇಳಿದ್ರನ ಮಂದಿ ಫೋನ್ ಇಡ್ತಾರ. ಇನ್ನ ನೀರು ಒಡಿಯೋ ಎಲೆಕ್ಟ್ರೋಲೈಸರ್, ಕಂಪ್ರೆಸರ್, ಸಿಲಿಂಡರ್, ಫ್ಯೂಯೆಲ್ ಸೆಲ್, ಇಷ್ಟೆಲ್ಲಾ ಯಾರ್ ತಗೋತಾರ್ರಿ? ಕೆಟ್ರ ರಿಪೇರಿ ಮಾಡಾವ್ರು ಎಲ್ಲಿಂದ ಬರಬೇಕು, ಬರ್ಲಿನ್‌ನಿಂದನ?

ಹಸಿರು ಹುಚ್ಚ:
ಹದಿನೈದು ವರ್ಷದ ಹಿಂದೆ ಸೋಲಾರ್ ಪ್ಯಾನೆಲ್ ಬಗ್ಗೇನೂ ಇದೇ ಮಾತು ಹೇಳ್ತಿದ್ರು. ಕೇಂದ್ರ ಸರ್ಕಾರ ಜನವರಿ 2023ರಲ್ಲಿ ಹಸಿರು ಹೈಡ್ರೋಜನ್ (ಸೋಲಾರ್, ಗಾಳಿ ಕರೆಂಟಲ್ಲಿ ಮಾಡೋದು) ಮಿಷನ್‌ಗೆ 19,744 ಕೋಟಿ ಒಪ್ಕೊಂಡಿದೆ, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಸೂರತ್ ಹತ್ರ ಕವಾಸ್‌ನಲ್ಲಿ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿಯ ಟೌನ್‌ಶಿಪ್ ಮನೆಗಳ ಒಲೆಗೆ ಬರೋ ಪೈಪ್ ಗ್ಯಾಸಲ್ಲಿ ಹೈಡ್ರೋಜನ್ ಬೆರೆಸಿ ಕೊಡ್ತಿದ್ದಾರೆ. ಜಪಾನಲ್ಲಂತೂ ಲಕ್ಷಗಟ್ಲೆ ಮನೇಲಿ ಫ್ಯೂಯೆಲ್ ಸೆಲ್ ಇದೆ. ನಾವು ಮಾತ್ರ ಆಗಲ್ಲ ಆಗಲ್ಲ ಅಂತ ಕೂತಿರೋದು.

ನಗೋಯಾ ನಿವಾಸಿ:
ಜಪಾನ್ ಹೆಸರು ಬಂತಲ್ಲ ಅದಕ್ಕೆ ಬರೀತಿದೀನಿ. ನೀವು ಹೇಳ್ತಿರೋದು ಎನೆ-ಫಾರ್ಮ್, 2009ರಿಂದ ಮಾರ್ತಿದ್ದಾರೆ, ಪ್ಯಾನಾಸೋನಿಕ್ ಐಸಿನ್ ಎಲ್ಲಾ ಮಾಡೋದು, 2011ರ ಫುಕುಶಿಮಾ ಅಣು ದುರಂತ ಆದ್ಮೇಲೆ ಇನ್ನೂ ಡಿಮ್ಯಾಂಡ್ ಬಂತು. ಆದ್ರೆ ಅದಕ್ಕೆ ಯಾರೂ ಹೈಡ್ರೋಜನ್ ತಂದು ಹಾಕಲ್ಲ ಸ್ವಾಮಿ! ಬೀದಿ ಪೈಪಲ್ಲಿ ಬರೋ ಅಡಿಗೆ ಗ್ಯಾಸನ್ನೇ ಪೆಟ್ಟಿಗೆ ಒಳಗೆ ಒಡೆದು ಹೈಡ್ರೋಜನ್ ಮಾಡ್ಕೊಳುತ್ತೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಬಿಡುತ್ತೆ. ಕರೆಂಟ್ ಬರೋದು 700 ವ್ಯಾಟ್ ಅಷ್ಟೇ, ಅದರ ಬಿಸೀಲಿ ಸ್ನಾನದ ನೀರು ಕಾಯುತ್ತೆ, ಎರಡೂ ಸೇರ್ಸಿದ್ರೆ ಗ್ಯಾಸಿನ ಶಕ್ತಿ 90 ಪರ್ಸೆಂಟ್ ಮೇಲೆ ಉಪಯೋಗ ಆಗುತ್ತೆ ಅನ್ನೋದೇ ಅದರ ಹೆಚ್ಚುಗಾರಿಕೆ. ಇಲ್ಲಿ ದಿನಾ ರಾತ್ರಿ ತೊಟ್ಟಿ ತುಂಬ ಬಿಸಿನೀರು ಬೇಕು ಅದಕ್ಕೆ ಸರಿಹೋಗುತ್ತೆ, ಅದೂ ಸರ್ಕಾರ ಸಬ್ಸಿಡಿ ಸುರಿದು ಬೆಳೆಸಿದ್ದು.

ಕೆಮಿಸ್ಟ್ರಿ ಮೇಷ್ಟ್ರು:
ಮಾಣಿಯವರ ಪ್ರಶ್ನೆಗೆ ಲೆಕ್ಕ ಹಾಕೋಣ, ಸುಮ್ನೆ ಮಾತಾಡೋದು ಬೇಡ. ದಿನಕ್ಕೆ 3 ಯೂನಿಟ್, ಮಳೆಗಾಲ 100 ದಿನ, 300 ಯೂನಿಟ್ ಬೇಕು. 1 ಕೆಜಿ ಹೈಡ್ರೋಜನ್ನಲ್ಲಿ 33 ಯೂನಿಟ್ ಶಕ್ತಿ ಇದೆ, ಫ್ಯೂಯೆಲ್ ಸೆಲ್ ಅದರಲ್ಲಿ ಅರ್ಧದಷ್ಟು ಕರೆಂಟ್ ಮಾಡುತ್ತೆ, ಉಳಿದಿದ್ದು ಬಿಸಿ. ಹಂಗಾಗಿ ಹತ್ತಿರ ಹತ್ತಿರ 19 ಕೆಜಿ ಕೂಡಿಡ್ಬೇಕು. ಅಷ್ಟು ಮಾಡೋಕೆ ಕೆಜಿಗೆ 50ರಿಂದ 55 ಯೂನಿಟ್ ಖರ್ಚು, ಒಟ್ಟು ಸುಮಾರು 1000 ಯೂನಿಟ್ ಹಾಕಿದ್ರೆ 300 ವಾಪಸ್ ಸಿಗುತ್ತೆ. ಬ್ಯಾಟರಿ ಆದ್ರೆ 100 ಹಾಕಿದ್ರೆ 85-90 ವಾಪಸ್.

ಹಸಿರು ಹುಚ್ಚ:
ಮೇಷ್ಟ್ರೇ ಆ ಸಾವಿರ ಯೂನಿಟ್ ಹೆಂಗಿದ್ರೂ ವೇಸ್ಟ್ ಆಗ್ತಿರೋದೇ ಅಲ್ವಾ! 3 ಕಿಲೋವ್ಯಾಟಿಗೆ ಬೇಸಿಗೇಲಿ ದಿನಕ್ಕೆ 12 ಯೂನಿಟ್ ಬರುತ್ತೆ, ಮನೆಗೆ 4 ತೆಗೆದ್ರೆ 8 ಮಿಗುತ್ತೆ, ನಾಲ್ಕು ತಿಂಗ್ಳಿಗೆ 960. ನಿಮ್ಮ ಲೆಕ್ಕಕ್ಕೇ ಸರಿಹೋಯ್ತು. ಇನ್ನು ಬ್ಯಾಟರೀಲಿ 300 ಯೂನಿಟ್ ತಿಂಗಳುಗಟ್ಲೆ ಇಡೋಕೆ ಎಷ್ಟು ದೊಡ್ಡ ಬ್ಯಾಟರಿ ಬೇಕು ಅದನ್ನೂ ಹೇಳಿ.

ಕೆಮಿಸ್ಟ್ರಿ ಮೇಷ್ಟ್ರು:
ಒಳ್ಳೇ ಪಾಯಿಂಟು, ಒಪ್ಪಿದೆ, ಸೀಸನ್ ದಾಟಿಸೋ ಕೆಲಸಕ್ಕೆ ಬ್ಯಾಟರಿ ಯಾವತ್ತೂ ಆಗಲ್ಲ. ಆದ್ರೆ 19 ಕೆಜಿ ಎಲ್ಲಿಡ್ತೀರಿ? ಒತ್ತಡ ಹಾಕದೆ ಬಿಟ್ರೆ ಒಂದು ಕೆಜಿಗೇ 12 ಘನ ಮೀಟರ್ ಜಾಗ. ವೆಲ್ಡಿಂಗ್ ಅಂಗಡೀಲಿರೋ ಆಳೆತ್ತರದ ಸಿಲಿಂಡರಲ್ಲಿ 150 ಬಾರ್ ಒತ್ತಡದಲ್ಲಿ ತುಂಬಿದ್ರೂ ಒಂದಕ್ಕೆ ಹಿಡಿಸೋದು ಅರ್ಧ ಕೆಜಿ ಚಿಲ್ರೆ, ಹಂಗಾಗಿ 35 ಸಿಲಿಂಡರ್, ಖಾಲಿ ಇದ್ದಾಗಲೇ ಒಂದೊಂದು 50 ಕೆಜಿ ಮೇಲೆ ತೂಗುತ್ತೆ. ಮೇಲೆ ಕಂಪ್ರೆಸರ್ ಖರ್ಚು, ಸ್ಫೋಟಕ, ಗ್ಯಾಸ್ ಸುರಕ್ಷತೆ ನೋಡೋ ಕೇಂದ್ರ ಸಂಸ್ಥೆ ಪೆಸೊ ಲೈಸೆನ್ಸು. ಇನ್ನೊಂದು, ಜರ್ಮನ್ನರು ಫ್ಯೂಯೆಲ್ ಸೆಲ್ ಬಿಸೀನ ಮನೆ ಬೆಚ್ಚಗಿಡೋಕೆ ಬಳಸ್ತಾರೆ, ಅವ್ರಿಗೆ ಆ ಅರ್ಧ ದಂಡ ಆಗಲ್ಲ. ನಿಮ್ಮಲ್ಲಿ ಬಚ್ಚಲ ಒಲೆ ಇದೆ, ಕಟ್ಟಿಗೆ ಇದೆ.

ತೀರ್ಥಹಳ್ಳಿ ತಮ್ಮಯ್ಯ:
ಅಡಿಕೆ ಸಿಪ್ಪೆಯಿಂದ ಹೈಡ್ರೋಜನ್ ಆಗಲ್ವಾ? ಬೆಂಗ್ಳೂರಿನ ಐಐಎಸ್‌ಸಿಯವ್ರು 1 ಕೆಜಿ ಬಯೋಮಾಸಿಂದ (ಕಟ್ಟಿಗೆ, ಬೆಳೆ ಕಸ) 100 ಗ್ರಾಂ ತೆಗೆದಿದ್ದಾರೆ ಅಂತ ಓದಿದ್ದೆ. ಸಿಪ್ಪೆ ನಮ್ಮಲ್ಲಿ ರಾಶಿ ಬಿದ್ದಿರುತ್ತೆ, ಇಲ್ಲಾಂದ್ರೆ ಗೋಬರ್ ಗ್ಯಾಸ್ ಹಾಕಿದ್ರೆ ಆ ಜಪಾನ್ ಪೆಟ್ಟಿಗೆ ಓಡಲ್ವಾ

ಕೆಮಿಸ್ಟ್ರಿ ಮೇಷ್ಟ್ರು:
@ತಮ್ಮಯ್ಯ ಐಐಎಸ್‌ಸಿದು ನಿಜ. ಬರೀ ಬಯೋಮಾಸಲ್ಲಿ ಅಷ್ಟು ಹೈಡ್ರೋಜನ್ ಇರಲ್ಲ, ಜೊತೆಗೆ ಹಾಯಿಸೋ ಹಬೆಯಿಂದಲೂ ಬರುತ್ತೆ. ಆದ್ರೆ ಅದು ಕಸಾನ ತೀರಾ ಬಿಸಿ ಮಾಡಿ ಗ್ಯಾಸ್ ಮಾಡೋ ಗ್ಯಾಸಿಫೈಯರ್ ಪ್ಲಾಂಟು, ಮಧ್ಯದಲ್ಲಿ ಕಾರ್ಬನ್ ಮೊನಾಕ್ಸೈಡ್ ಓಡಾಡೋ ವ್ಯವಹಾರ, ಅಂಗಳದಲ್ಲಿ ಇಡೋದಲ್ಲ. ಸೊಸೈಟಿ ಮಟ್ಟದಲ್ಲಿ ಮಾಡಿದ್ರೆ ಬೇರೆ ಮಾತು. ಗೋಬರ್ ಗ್ಯಾಸಲ್ಲಿ ಕೊಳೆತ ಮೊಟ್ಟೆ ವಾಸನೆ ಇರುತ್ತಲ್ಲ, ಹೈಡ್ರೋಜನ್ ಸಲ್ಫೈಡ್, ಅದು ಫ್ಯೂಯೆಲ್ ಸೆಲ್ಲಿಗೆ ವಿಷ, ಪೂರ್ತಿ ತೆಗೀದೆ ಬಿಟ್ರೆ ಕರೆಂಟ್ ಮಾಡೋ ಅದರ ಮುಖ್ಯ ಭಾಗ, ಲಕ್ಷಗಟ್ಲೆ ಬೆಲೆಯ ಸ್ಟ್ಯಾಕ್, ಹಾಳು. ಅದನ್ನ ಒಲೆಗೆ ಹಚ್ಚೋದೇ ಜಾಣತನ.

ಧಾರವಾಡ ಪೇಡಾ:
ಸೇಫ್ಟಿ ಬಗ್ಗೆ ಯಾರೂ ಮಾತಾಡವಲ್ರಿ. ಹೈಡ್ರೋಜನ್‌ಗ ವಾಸನಿ ಇಲ್ಲ, ಬಣ್ಣ ಇಲ್ಲ, ಹತ್ತಿದ್ರ ಹಗಲಿನಾಗ ಉರಿ ಸೈತ ಕಣ್ಣಿಗೆ ಕಾಣಂಗಿಲ್ಲ. ಸಣ್ಣ ಹುಡುಗ್ರು ಇರೋ ಮನ್ಯಾಗ?

ಹಸಿರು ಹುಚ್ಚ:
ಎಲ್‌ಪಿಜಿ ಲೀಕಾದ್ರೆ ನೆಲದ ಮೇಲೆ ಹರಡ್ಕೊಂಡು ಕೂರುತ್ತೆ, ಹೈಡ್ರೋಜನ್ ಹಗುರ, ಮೇಲಕ್ಕೆ ಹಾರಿ ಹೋಗುತ್ತೆ. ದಶಕಗಳಿಂದ ಸಿಲಿಂಡರ್ ಪಕ್ಕದಲ್ಲೇ ಅಡಿಗೆ ಮಾಡೋ ಜನ ನಾವು, ಈಗ ಭಯ ಅಂದ್ರೆ ಹೆಂಗೆ.

ಕೆಮಿಸ್ಟ್ರಿ ಮೇಷ್ಟ್ರು:
ಹೊರಗಾದ್ರೆ ಹಾರಿಹೋಗುತ್ತೆ, ಆರ್‌ಸಿಸಿ ಮನೆ ಒಳಗಾದ್ರೆ ತಾರಸಿ ಕೆಳಗೇ ನಿಲ್ಲುತ್ತೆ. ಎಲ್‌ಪಿಜಿ ಗಾಳೀಲಿ ಸುಮಾರು 2ರಿಂದ 9.5 ಪರ್ಸೆಂಟ್ ಇದ್ರೆ ಮಾತ್ರ ಹತ್ಕೊಳುತ್ತೆ, ಹೈಡ್ರೋಜನ್ 4ರಿಂದ 75ರ ತನಕ ಎಲ್ಲಿದ್ರೂ ಹತ್ತುತ್ತೆ, ಕಿಡೀನೂ ತೀರಾ ಸಣ್ಣದು ಸಾಕು. ಸಿಲಿಂಡರ್ ಹೊರಗೆ, ಲೀಕ್ ಪತ್ತೆ ಮಾಡೋ ಡಿಟೆಕ್ಟರ್ ಒಳಗೆ, ಹಂಗಿದ್ರೆ ಸರಿ. ಅಂದಹಾಗೆ ಕವಾಸ್ ಥರ ಬೆರಕೆ ಮಾಡೋದ್ರಲ್ಲೂ ಒಂದು ವಿಷಯ ಇದೆ, ಗಾತ್ರದಲ್ಲಿ 20 ಪರ್ಸೆಂಟ್ ಬೆರೆಸಿದ್ರೂ ಶಕ್ತಿ ಲೆಕ್ಕದಲ್ಲಿ ಬರೀ 7 ಪರ್ಸೆಂಟ್.

ನಗೋಯಾ ನಿವಾಸಿ:
ಇಂಗ್ಲೆಂಡಲ್ಲಿ ವಿಟ್ಬಿ ಅನ್ನೋ ಕಡೆ ಸುಮಾರು 2000 ಮನೆಗೆ ಪೂರ್ತಿ ಹೈಡ್ರೋಜನ್ ಗ್ಯಾಸ್ ಕೊಡೋ ಪ್ಲಾನ್ ಇತ್ತು, ಜನ ತಿರುಗಿಬಿದ್ರು, ಜುಲೈ 2023ರಲ್ಲಿ ಸರ್ಕಾರ ಕೈಬಿಡ್ತು. ರೆಡ್‌ಕಾರ್ ಅನ್ನೋ ಊರಿನದ್ದೂ ಅದೇ ಡಿಸೆಂಬರಲ್ಲಿ ಹೋಯ್ತು, ಅಲ್ಲಿ ಕಾರಣ ಹೈಡ್ರೋಜನ್ನೇ ಸಾಲದು ಅಂತ.

ಹಸಿರು ಹುಚ್ಚ:
ಅವ್ರು ಮನೆ ಬಿಸಿ ಮಾಡೋಕೆ ಸುಡೋಕೆ ಹೊರಟಿದ್ದು, ಇಲ್ಲಿ ಕೇಳ್ತಿರೋದು ಕರೆಂಟ್ ಕೂಡಿಡೋ ವಿಷ್ಯ. ಎರಡನ್ನೂ ಒಂದೇ ಚೀಲಕ್ಕೆ ತುಂಬ್ಬೇಡಿ.

ತೀರ್ಥಹಳ್ಳಿ ತಮ್ಮಯ್ಯ:
ಮಾಣಿ, ನಿಮ್ಮ ತೋಟದ ಮೇಲೆ ಹಳ್ಳ ಇಲ್ವಾ? ನಮ್ಮ ಕಡೆ ಎಷ್ಟೋ ಮನೇಲಿ ಸಣ್ಣ ಟರ್ಬೈನ್ ಇಟ್ಟಿದ್ದಾರೆ, ಬಿಸಿಲು ಹೋದ ದಿನಾನೇ ನೀರು ಜೋರಾಗುತ್ತೆ, ಕೂಡಿಡೋ ಪ್ರಶ್ನೇನೇ ಇಲ್ಲ

ಹೊಸನಗರದ ಮಾಣಿ:
ಹಳ್ಳ ಇದೆ, ಜೂನಿಂದ ನವೆಂಬರ್ ತನಕ ಹರಿಯುತ್ತೆ, ಆದ್ರೆ ಜೋಗ್ ಥರ ಏನಿಲ್ಲ ಮಾರಾಯ್ರೆ.

ಕೆಮಿಸ್ಟ್ರಿ ಮೇಷ್ಟ್ರು:
ಜೋಗ ಬೇಕಿಲ್ಲ. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಇಳಿಜಾರು, ಎರಡನ್ನೂ ಗುಣಿಸಿ 5ರಿಂದ ಗುಣಿಸಿದ್ರೆ ಅಂದಾಜು ವ್ಯಾಟ್ ಸಿಗುತ್ತೆ. 5 ಲೀಟರ್, 10 ಮೀಟರ್ ಆದ್ರೆ 250 ವ್ಯಾಟ್, ರಾತ್ರಿ ಹಗಲು ಓಡಿದ್ರೆ ದಿನಕ್ಕೆ 6 ಯೂನಿಟ್. ನಿಮಗೆ ಬೇಕಾಗಿದ್ದಕ್ಕೆ ಡಬಲ್ ಆಯ್ತು.

ಹಸಿರು ಹುಚ್ಚ:
ಹಳ್ಳ ಇಲ್ದಿರೋ ಮನೆಯವ್ರು ಏನ್ಮಾಡ್ಬೇಕು ಅಂತ ಮಾತ್ರ ಯಾರೂ ಹೇಳ್ಲಿಲ್ಲ.

ಹೊಸನಗರದ ಮಾಣಿ:
ತಮ್ಮಯ್ಯ, ಪೈಪ್ ಎಷ್ಟು ಇಂಚಿಂದು ಹಾಕ್ಬೇಕು? ಎಲೆ ಕಸ ಬಂದು ಕಟ್ಕೊಳಲ್ವಾ?

ತೀರ್ಥಹಳ್ಳಿ ತಮ್ಮಯ್ಯ:
ಕಟ್ಕೊಳುತ್ತೆ. ಬಾಯಿಗೆ ಜಾಲರಿ ಹಾಕಿ, ಮಳೆ ಜೋರಿದ್ದಾಗ ಛತ್ರಿ ಹಿಡ್ಕೊಂಡು ದಿನಾ ಹೋಗಿ ಕ್ಲೀನ್ ಮಾಡ್ಬೇಕು. ಪೈಪ್ ಸೈಜು ಇಳಿಜಾರು ಅಳೆದು ಹಾಕಿ, ಆಮೇಲೆ ಹೇಳ್ತೀನಿ