ಹದ್ದುಗಳು ರೀಚಾರ್ಜ್ ಮಾಡಿಸಲ್ಲ

ಚಿಕ್ಕಣ್ಣ ಮೊದಲ ಸಲ ವಿಮಾನ ಹತ್ತಿ ದೆಹಲಿಯ ಮಗಳ ಮನೆಗೆ ಹೋಗಿ ಬಂದಿದ್ದಾನೆ. ಅವನು ವಾಪಸ್ ಬಂದ ಮೇಲೆ ಮಂಡ್ಯ ರೈಲ್ವೆ ಸ್ಟೇಷನ್ ಹತ್ತಿರದ ನಮ್ಮ ಟೀ ಅಂಗಡಿಯಲ್ಲಿ ಕಬ್ಬಿನ ಬಾಕಿ, ಕೆಆರ್‌ಎಸ್ ನೀರಿನ ಮಟ್ಟ ಎರಡೂ ಹಿಂದೆ ಬಿದ್ದಿವೆ. ಬೆಳಗ್ಗೆ ವಿಮಾನ, ಸಂಜೆ ವಿಮಾನ.

"ಫೋನ್ ಫ್ಲೈಟ್ ಮೋಡ್‌ಗೆ ಹಾಕಿ ಅಂತ ಆ ಹುಡುಗಿ ಬಂದು ಬಂದು ಹೇಳಿದ್ಲು. ನಾನು ಹಾಕಲೇ ಇಲ್ಲ," ಅಂದ.

"ಯಾಕಪ್ಪಾ?"

"ಯಾರಾದ್ರೂ ಹೈಜಾಕ್ ಮಾಡಿದ್ರೆ ಪೊಲೀಸ್‌ಗೆ ಫೋನ್ ಮಾಡೋದು ಯಾರು? ಇನ್ನೂರು ಜನ ಇದ್ದಾರೆ, ಒಬ್ಬನಿಗಾದ್ರೂ ಜವಾಬ್ದಾರಿ ಬೇಡ್ವಾ?"

ಟವರ್ ಮಂಜನಿಗೆ ಟೀ ನೆತ್ತಿಗೇರಿತು. ಮಂಜ ಮೊಬೈಲ್ ಟವರ್‌ಗಳ ರಿಪೇರಿ ಮಾಡುತ್ತಾನೆ. ಊರಲ್ಲಿ ಯಾರ ಫೋನ್ ಕಟ್ ಆದರೂ ಬೈಗುಳ ಇವನಿಗೇ. ಆಕಾಶದ ಸಿಗ್ನಲ್ ವಿಷಯದಲ್ಲಿ ಬೈಸಿಕೊಂಡಿದ್ದು ಮಾತ್ರ ಇದೇ ಮೊದಲು.

"ಅಣ್ಣಾ, ಇಳಿದಾಗ ಬ್ಯಾಟರಿ ಎಷ್ಟಿತ್ತು?"

"ಸತ್ತೇ ಹೋಗಿತ್ತು."

"ಹೋಗದೆ ಏನು? ದಾರಿಯುದ್ದಕ್ಕೂ ಅದು ಟವರ್ ಹುಡುಕಿದೆ. ಸಿಗದೇ ಇದ್ದಷ್ಟೂ ಜೋರಾಗಿ ಕೂಗುತ್ತೆ. ಆ ಕೂಗು ಕೆಲವು ಸಲ ಪೈಲಟ್ ಹೆಡ್‌ಫೋನ್‌ನಲ್ಲಿ ಗುಯ್ಯ್ ಅಂತ ಕೇಳುತ್ತೆ. ಹೈಜಾಕ್ ತಪ್ಪಿಸೋಕೆ ಹೊರಟವನು ನೀನೇ ಕಿವಿ ಕೊರೆದಿದ್ದೀಯ."

ಚಿಕ್ಕಣ್ಣ ಸುಲಭಕ್ಕೆ ಸೋಲುವವನಲ್ಲ. "35,000 ಅಡಿ ಅಂತ ಪೈಲಟ್ ಹೇಳಿದ. ಕಿಲೋಮೀಟರ್‌ನಲ್ಲಿ ಎಷ್ಟಯ್ಯ?"

"ಹತ್ತೂವರೆ, ಚಿಲ್ಲರೆ."

"ಅಂದ್ರೆ ಮದ್ದೂರಿಗೆ ಅರ್ಧ ದಾರಿ! ಅಷ್ಟು ದೂರ ನಿಮ್ಮ ಟವರ್ ಕೈಯಲ್ಲಿ ಆಗಲ್ವಾ?"

"ದೂರ ಲೆಕ್ಕವೇ ಅಲ್ಲ. ಹಳೇ ಜಿಎಸ್‌ಎಂ ಟವರ್ 35 ಕಿಲೋಮೀಟರ್ ದೂರದ ಫೋನನ್ನೂ ಹಿಡಿಯೋ ಹಾಗೆ ಮಾಡಿದ್ದು. ಆದ್ರೆ ಆಂಟೆನಾ ನೋಡಿದ್ದೀಯಾ? ಅದರ ಮುಖ ನೇರ ಇರಲ್ಲ. ನಾಲ್ಕಾರು ಡಿಗ್ರಿ ಕೆಳಕ್ಕೆ ಬಗ್ಗಿಸಿರ್ತೀವಿ. ಕಂಪನಿಗೆ ಗಿರಾಕಿಗಳು ಇರೋದು ನೆಲದ ಮೇಲೆ. ಹದ್ದುಗಳು ರೀಚಾರ್ಜ್ ಮಾಡಿಸಲ್ಲ."

ಮೇಲಕ್ಕೆ ಹೋಗುವುದು ಸುಮ್ನೆ ಸೋರಿಕೆ ಸಿಗ್ನಲ್ ಅಂತೆ. ಅದೂ ವಿಮಾನದ ಲೋಹದ ಮೈ ದಾಟಿ ಒಳಗೆ ಬರಬೇಕು. ಬಂತು ಅಂತಲೇ ಇಟ್ಟುಕೊಳ್ಳಿ, ವಿಮಾನ ಗಂಟೆಗೆ 850 ಕಿಲೋಮೀಟರ್ ಓಡುತ್ತಿರುತ್ತದೆ. ಒಂದು ಟವರ್ ಫೋನಿನ ಗುರುತು ಹಿಡಿಯುವಷ್ಟರಲ್ಲಿ ವಿಮಾನ ಇನ್ನೊಂದು ಟವರ್ ಮೇಲಿರುತ್ತದೆ. ಮೇಲಿನಿಂದ ಹತ್ತಾರು ಟವರ್ ಒಟ್ಟಿಗೇ ಕಾಣುವುದು ಇನ್ನೊಂದು ತಲೆನೋವು.

"ಹಂಗಾದ್ರೆ ಅಮೆರಿಕದಲ್ಲಿ 2001ರಲ್ಲಿ ಹೈಜಾಕ್ ಆದ ವಿಮಾನಗಳಿಂದ ಹೆಂಡತಿಗೆ, ತಾಯಿಗೆ ಫೋನ್ ಮಾಡಿದ್ರಲ್ಲ? ಅವರ ಟವರ್ ಏನು ಆಕಾಶ ನೋಡ್ತಿತ್ತಾ?"

ಇದು ಒಳ್ಳೆಯ ಪ್ರಶ್ನೆ. ಮಂಜ ಮೇಷ್ಟ್ರ ಮುಖ ನೋಡಿದ. ನಮ್ಮ ಮೇಷ್ಟ್ರು ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವರು. ಪ್ರಶ್ನೆ ತಮ್ಮ ಕಡೆ ತಿರುಗುವವರೆಗೂ ಪೇಪರ್ ಓದುತ್ತಿರುವಂತೆ ನಟಿಸುತ್ತಾರೆ. ಈಗ ಪೇಪರ್ ಮಡಚಿದರು.

"ಯುನೈಟೆಡ್ 93 ವಿಮಾನದಿಂದ ಹೋದ 37 ಕರೆಗಳಲ್ಲಿ 35 ಕರೆ ಏರ್‌ಫೋನ್‌ನಿಂದ ಹೋಗಿದ್ದು. ಅದು ಸೀಟಿನ ಬೆನ್ನಿಗೆ ಸಿಕ್ಕಿಸಿದ್ದ ಫೋನ್. ಅದಕ್ಕೆ ವಿಮಾನದ್ದೇ ಆಂಟೆನಾ, ನೆಲದಲ್ಲಿ ಆಕಾಶದ ಕಡೆಗೇ ಮುಖ ಮಾಡಿದ ಬೇರೆ ಸ್ಟೇಷನ್‌ಗಳು. ಕೈಯಲ್ಲಿದ್ದ ಮೊಬೈಲ್‌ನಿಂದ ಹೋಗಿದ್ದು ಎರಡೇ ಕರೆ. ಅದೂ ವಿಮಾನ ಐದು ಸಾವಿರ ಅಡಿಯ ಹತ್ತಿರಕ್ಕೆ ಇಳಿದಿದ್ದಾಗ. ಅದೇ ದಿನ ಅಮೆರಿಕನ್ 11ರಲ್ಲಿ ಬೆಟ್ಟಿ ಆಂಗ್ ಅನ್ನೋ ಗಗನಸಖಿ ಏರ್‌ಫೋನ್ ಹಿಡಿದು ಸುಮಾರು 25 ನಿಮಿಷ ಒಳಗೆ ನಡೀತಿದ್ದದ್ದನ್ನ ಹೇಳ್ತಾ ಹೋದಳು. ಒಂದು ಚೂರೂ ಗಾಬರಿ ಇಲ್ಲದ ದನಿಯಲ್ಲಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಂಜನೇ ಶುರು ಮಾಡಿದ. 2014ರಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್ 370 ಗೊತ್ತಲ್ಲ? ಅದರ ಸಹ ಪೈಲಟ್‌ನ ಮೊಬೈಲನ್ನು ಪೆನಾಂಗ್‌ನ ಒಂದು ಟವರ್ ಗುರುತು ಹಿಡಿದಿತ್ತು. ಅಷ್ಟೇ, ಕರೆ ಹೋಗಲಿಲ್ಲ. ಟವರ್ ಜನ ಇಂಥದ್ದನ್ನು ಮರೆಯಲ್ಲ ಅನ್ನಿಸುತ್ತದೆ.

"ಹೈಜಾಕ್ ಆಗಿ ಕಂದಹಾರ್‌ಗೆ ಹೋದ ನಮ್ಮ ವಿಮಾನದಲ್ಲಿ?" ಅಂದೆ ನಾನು.

"1999ರಲ್ಲಿ ಮೊಬೈಲ್ ಯಾರ ಹತ್ತಿರ ಇತ್ತು?" ಮೇಷ್ಟ್ರು ನಕ್ಕರು. "ಇದ್ದವರಿಗೂ ಒಳಬರೋ ಕರೆಗೆ ದುಡ್ಡು ಕಟ್. ಅದು ಪುಕ್ಕಟೆ ಆಗಿದ್ದು 2003ರಲ್ಲಿ."

"ಅಂದ್ರೆ ಪೊಲೀಸರು ವಾಪಸ್ ಫೋನ್ ಮಾಡಿದ್ರೂ ನಮ್ಮದೇ ಖರ್ಚು," ಅಂತ ಚಿಕ್ಕಣ್ಣ ತೀರ್ಪು ಕೊಟ್ಟ. "ಹೋಗ್ಲಿ, ಫೋನ್ ಬಿಡಿ. ಹೈಜಾಕ್ ಆಗಿದೆ ಅಂತ ಕೆಳಗಿನವರಿಗೆ ಗೊತ್ತಾಗೋದು ಹೆಂಗೆ?"

ಮೇಷ್ಟ್ರು ಕಾಯುತ್ತಿದ್ದದ್ದೇ ಇದಕ್ಕೆ. ಅವರ ಪ್ರಕಾರ ಇದು ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ. ನೆಲದ ರಾಡಾರ್ ಪದೇ ಪದೇ ಕೂಗುತ್ತದೆ. ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ಎದ್ದು ನಿಂತು ನಾಲ್ಕು ಅಂಕಿಯ ನಂಬರ್ ಹೇಳುತ್ತದೆ, ಜೊತೆಗೆ ಎಷ್ಟು ಎತ್ತರದಲ್ಲಿದ್ದೇನೆ ಅಂತಲೂ ಹೇಳುತ್ತದೆ. ಅಂಕಿಗಳು ಸೊನ್ನೆಯಿಂದ ಏಳರವರೆಗೆ ಮಾತ್ರ. ಹಾಗಾಗಿ ಒಟ್ಟು 4,096 ನಂಬರ್. ಅದರಲ್ಲಿ 7500 ಹಾಕಿದರೆ ಹೈಜಾಕ್ ಅಂತ ಅರ್ಥ. 7600 ಹಾಕಿದರೆ ರೇಡಿಯೋ ಕೆಟ್ಟಿದೆ, 7700 ಅಂದರೆ ಬೇರೆ ಏನೋ ಅಪಾಯ. ಪೈಲಟ್ ಒಂದು ಮಾತೂ ಆಡಬೇಕಿಲ್ಲ.

"ಎಂಟು ಒಂಬತ್ತು ಇಲ್ವಾ? ಒಂಬತ್ತು ನನ್ನ ಲಕ್ಕಿ ನಂಬರ್."

"ನೀನು ಪೈಲಟ್ ಆಗದೇ ಇದ್ದದ್ದು ಅದಕ್ಕೇ."

"ಸರಿ, ಕಳ್ಳ ಅದನ್ನ ಆಫ್ ಮಾಡಿದ್ರೆ?"

"2001ರಲ್ಲಿ ಅದೇ ಆಗಿದ್ದು. ನಾಲ್ಕು ವಿಮಾನಗಳಲ್ಲಿ ಮೂರರಲ್ಲಿ ಆಫ್ ಮಾಡಿದ್ರು, ಒಂದರಲ್ಲಿ ನಂಬರ್ ಬದಲಾಯಿಸಿದ್ರು. ಆಮೇಲೆ ಉಳಿಯೋದು ಹಳೇ ಕಾಲದ ರಾಡಾರ್. ಅದು ಯಾರನ್ನೂ ಕೇಳಲ್ಲ. ಅಲೆ ಬಿಟ್ಟು ಪ್ರತಿಧ್ವನಿ ಹಿಡಿಯುತ್ತೆ. ಪರದೆ ಮೇಲೆ ಒಂದು ಚುಕ್ಕಿ ಕಾಣುತ್ತೆ. ಹೆಸರಿಲ್ಲ, ಎತ್ತರ ಇಲ್ಲ. ಅಮೆರಿಕನ್ 77 ಅರ್ಧ ಗಂಟೆಗೂ ಜಾಸ್ತಿ ಹೊತ್ತು ಯಾರ ಕಣ್ಣಿಗೂ ಬೀಳದೆ ವಾಷಿಂಗ್ಟನ್ ಕಡೆ ಹಾರಿತ್ತು."

"ಆಫ್ ಮಾಡೋ ಸ್ವಿಚ್ ಇಟ್ಟ ಪುಣ್ಯಾತ್ಮ ಯಾರು?"

ಚಿಕ್ಕಣ್ಣನ ಸಿಟ್ಟು ನನಗೂ ಬಂತು. ಆದರೆ ಮಂಜ ಕರೆಂಟಿನವನು. ಹೊಗೆ ಬಂದಾಗ ಯಾವ ಡಬ್ಬಿಯ ಕರೆಂಟನ್ನಾದರೂ ಕಡಿಯುವ ಅವಕಾಶ ಪೈಲಟ್‌ಗೆ ಇರಲೇಬೇಕು, ಇಲ್ಲದಿದ್ದರೆ ಹೈಜಾಕ್ ಮಾಡೋಕೆ ವಿಮಾನವೇ ಉಳಿಯಲ್ಲ ಅಂದ. ಚಿಕ್ಕಣ್ಣನ ಪಂಪ್‌ಸೆಟ್ ಎರಡು ಸಲ ಸುಟ್ಟಿದೆ, ಅದಕ್ಕೇ ತಕ್ಷಣ ಒಪ್ಪಿಕೊಂಡ.

ನೆಲದವರಿಗೆ ಚುಕ್ಕಿ ಕಳೆದರೂ ಪೈಲಟ್‌ಗೆ ದಾರಿ ಕಳೆಯುವುದಿಲ್ಲ. ಜಿಪಿಎಸ್ ಇದೆ. ಜಿಪಿಎಸ್ ಸಿಗ್ನಲ್ಲನ್ನೇ ಯಾರಾದರೂ ಕೆಡಿಸಿದರೂ ವಿಮಾನದೊಳಗೆ ಇನರ್ಷಿಯಲ್ ವ್ಯವಸ್ಥೆ ಇರುತ್ತದೆ. ಹೊರಟ ಜಾಗದಿಂದ ಎಷ್ಟು ವೇಗ, ಎಷ್ಟು ತಿರುವು ಅಂತ ತಾನೇ ಕೂಡಿಸಿಕೊಂಡು ಹೋಗುತ್ತದೆ. ಹೊರಗಿನ ಯಾವ ಸಿಗ್ನಲ್ಲೂ ಬೇಡ. ಕಷ್ಟ ಬರುವುದು ಇಳಿಯುವಾಗ.

"ಕಂದಹಾರ್ ವಿಮಾನ ಅಮೃತಸರದಿಂದ ಲಾಹೋರ್‌ಗೆ ಹೋಯ್ತಲ್ಲ," ಅಂದರು ಮೇಷ್ಟ್ರು. "ಟ್ಯಾಂಕ್‌ನಲ್ಲಿ ಎಣ್ಣೆ ಇಲ್ಲ. ಲಾಹೋರ್‌ನವರು ಇಳಿಯಬೇಡಿ ಅಂತ ರನ್‌ವೇ ದೀಪ, ದಾರಿ ತೋರಿಸೋ ಉಪಕರಣ ಎಲ್ಲ ಆರಿಸಿಬಿಟ್ರು. ಕತ್ತಲೆ. ಕ್ಯಾಪ್ಟನ್ ದೇವಿ ಶರಣ್ ಕೆಳಗೆ ಕಂಡ ರಸ್ತೆಯನ್ನೇ ರನ್‌ವೇ ಅಂದುಕೊಂಡು ಇಳಿಸೋಕೆ ಹೋಗಿ, ಕೊನೇ ಗಳಿಗೆಯಲ್ಲಿ ಮೇಲೆತ್ತಿದ್ರು. ಆಮೇಲೆ ದೀಪ ಹಾಕಿದ್ರು."

"ತಲೆಗೆ ಬಂದೂಕು ಹಿಡಿದವನು ಬೇರೆ ಪಕ್ಕದಲ್ಲೇ!"

"ಬಂದೂಕಿಗೆ ಪೈಲಟ್ ಹೆದರ್ತಾನೆ. ಎಣ್ಣೆ ಟ್ಯಾಂಕ್ ಹೆದರಲ್ಲ." ಮೇಷ್ಟ್ರು ಇಥಿಯೋಪಿಯಾದ ಕಥೆಗೆ ಬಂದರು. 1996ರ ನವೆಂಬರ್. ನೈರೋಬಿಗೆ ಹೊರಟಿದ್ದ ವಿಮಾನವನ್ನು ಮೂವರು ಹಿಡಿದು ಆಸ್ಟ್ರೇಲಿಯಾಕ್ಕೆ ನಡಿ ಅಂದರು. ಅಷ್ಟು ಇಂಧನ ಇಲ್ಲ ಅಂತ ಕ್ಯಾಪ್ಟನ್ ಹೇಳಿದರೆ ನಂಬಲಿಲ್ಲ. ಈ ವಿಮಾನ ಹನ್ನೊಂದು ಗಂಟೆ ಹಾರುತ್ತದೆ ಅಂತ ಸೀಟಿನ ಮುಂದಿನ ಪತ್ರಿಕೆಯಲ್ಲೇ ಬರೆದಿದೆಯಲ್ಲ ಅಂತ ವಾದ. ಟ್ಯಾಂಕ್ ತುಂಬಿದ್ದರೆ ಹನ್ನೊಂದು ಗಂಟೆ. ಅವತ್ತು ತುಂಬಿರಲಿಲ್ಲ. ಕ್ಯಾಪ್ಟನ್ ಸದ್ದಿಲ್ಲದೆ ಆಫ್ರಿಕಾದ ಕರಾವಳಿ ಹಿಡಿದು ಹಾರಿದ. ನೆಲ ಕಾಣುತ್ತಿದೆ ಅಂತ ಅವರಿಗೆ ಗೊತ್ತಾಗಿ ಸಮುದ್ರದ ಕಡೆ ತಿರುಗಿಸಿದರು. ಕೊನೆಗೆ ಕೊಮೊರೊಸ್ ದ್ವೀಪದ ಹತ್ತಿರ ಎರಡೂ ಎಂಜಿನ್ ನಿಂತವು. 175 ಜನರಲ್ಲಿ ಬದುಕಿದ್ದು 50.

ನಗಲು ಬಂದವರು ನಗಲಿಲ್ಲ. ಅಂಗಡಿಯವನು ಕೇಳದೇ ಇನ್ನೊಂದು ರೌಂಡ್ ಟೀ ಇಟ್ಟ.

ಮಂಜ ಮಾತು ಬದಲಿಸಿದ. "ಮೇಷ್ಟ್ರೇ, ಮೈಸೂರಿಗೆ ಹೈಜಾಕ್ ಮಾಡಿಕೊಂಡು ಬಂದ್ರೆ?"

"ಮಂಡಕಳ್ಳಿ ರನ್‌ವೇ 1,740 ಮೀಟರ್. ಎಟಿಆರ್ ಫ್ಯಾನ್ ವಿಮಾನಕ್ಕೆ ಸಾಕು. ಕಂದಹಾರ್‌ಗೆ ಹೋದಂಥ ಏರ್‌ಬಸ್ ತಂದರೆ ಸೀದಾ ನಂಜನಗೂಡು ರಸ್ತೆಗೆ. ಬಾಳೆಹಣ್ಣು ತಗೊಂಡು ವಾಪಸ್ ಬರಬೇಕು."

ಈಗ ಕೆಲವು ವಿಮಾನಗಳಲ್ಲಿ ವೈಫೈ ಇದೆ, 2018ರ ನಿಯಮದ ಪ್ರಕಾರ ನಮ್ಮ ದೇಶದಲ್ಲಿ 3,000 ಮೀಟರ್ ಮೇಲೆ ಹೋದ ಮೇಲೆ ಬಳಸಬಹುದು ಅಂತ ಮಂಜ ತಿಳಿಸಿದ. ಸ್ಯಾಟಲೈಟ್ ಆಂಟೆನಾ ವಿಮಾನದ ತಲೆ ಮೇಲೆ ಇರುತ್ತದೆ. ಚಿಕ್ಕಣ್ಣನಿಗೆ ಬಹಳ ಸಮಾಧಾನ ಆಯಿತು. ಹೈಜಾಕ್ ಆದರೆ ಫ್ಯಾಮಿಲಿ ಗ್ರೂಪಿಗೆ ಹಾಕಬಹುದಂತೆ. ಅವನ ಫ್ಯಾಮಿಲಿ ಗ್ರೂಪ್ ನನಗೆ ಗೊತ್ತು. ಮೊದಲು ನಾಲ್ಕು ಗುಡ್ ಮಾರ್ನಿಂಗ್ ಬರುತ್ತೆ.

"ಎಲ್ಲಾ ಸರಿ, ದೆಹಲಿಯಲ್ಲಿ ನನಗಾದ ಅನ್ಯಾಯ ಕೇಳಿ," ಅಂದ ಚಿಕ್ಕಣ್ಣ. "ಊರಲ್ಲಿರೋ ಮೊಮ್ಮಗನಿಗೆ ಅಂತ ಒಂದು ಆಟಿಕೆ ಪಿಸ್ತೂಲು ತಗೊಂಡಿದ್ದೆ. ಪ್ಲಾಸ್ಟಿಕ್‌ದು. ಕೈಚೀಲದಲ್ಲಿತ್ತು. ತಪಾಸಣೆಯವರು ಕಿತ್ಕೊಂಡ್ರು. ಆಟಿಕೆಯಲ್ಲಿ ಯಾರಾದ್ರೂ ವಿಮಾನ ಹೈಜಾಕ್ ಮಾಡ್ತಾರಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೇನೋ ಇದೆ ಅಂತ ನಮಗೆ ಗೊತ್ತಾಯಿತು.

"1978ರ ಡಿಸೆಂಬರ್. ಇಂದಿರಾ ಗಾಂಧಿ ಜೈಲಲ್ಲಿದ್ರು. ಅವರನ್ನ ಬಿಡಿ ಅಂತ ಇಬ್ಬರು ದೆಹಲಿಗೆ ಹೋಗ್ತಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನ ಹಿಡಿದು ವಾರಾಣಸಿಯಲ್ಲಿ ಇಳಿಸಿದ್ರು. ಶರಣಾದ ಮೇಲೆ ನೋಡಿದ್ರೆ ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು. ಗ್ರೆನೇಡ್ ಅಂದಿದ್ದು ಕ್ರಿಕೆಟ್ ಚೆಂಡು."

"ಆಮೇಲೆ? ಗಲ್ಲು?"

"ಇಬ್ಬರೂ ಉತ್ತರ ಪ್ರದೇಶದಲ್ಲಿ ಶಾಸಕರಾದ್ರು."

ಚಿಕ್ಕಣ್ಣ ಟೀ ಲೋಟ ಬೆಂಚಿನ ಮೇಲೆ ಕುಕ್ಕಿದ. "ಹಂಗಾದ್ರೆ ಅವರು ನನ್ನ ಕೈಚೀಲದಿಂದ ಕಿತ್ಕೊಂಡಿದ್ದು ಆಟಿಕೆ ಅಲ್ಲ ಕಣ್ರಯ್ಯ, ಪಾರ್ಟಿ ಟಿಕೆಟ್ಟು!"