ಹೆಡ್‌ಲೈಟ್ ಹಾಕಿದ ಕೂಡಲೇ ಧಾರವಾಡ ಸ್ಟೇಷನ್ ಮಾಯ: ಎಲ್‌ಇಡಿ ಬಲ್ಬಿಗೆ ಏನು ಮಾಡೋದು?

ಕೋಥ್ರೂಡ್ ಕನ್ನಡಿಗ, ಪುಣೆ

ಎಲ್ಲರಿಗೂ ನಮಸ್ಕಾರ. ಇಲ್ಲೇ ಒಂದು ಅಂಗಡಿಯಲ್ಲಿ ಕಾರಿಗೆ ಎಚ್4 (ಹೈ, ಲೋ ಎರಡೂ ಬೀಮ್ ಒಂದರಲ್ಲೇ ಇರುವ) ಎಲ್‌ಇಡಿ ಬಲ್ಬ್ ಹಾಕಿಸಿದೆ. ಆವತ್ತಿನಿಂದ ಹೆಡ್‌ಲೈಟ್ ಹಾಕಿದರೆ ರೇಡಿಯೊದಲ್ಲಿ ಬುಸ್ ಅಂತ ಸದ್ದು. ಊರೊಳಗೆ ವಿವಿಧ ಭಾರತಿ 101 ಎಫ್‌ಎಂ ಹೇಗೋ ಕೇಳುತ್ತದೆ, ಖಂಬಾಟ್ಕಿ ಘಾಟ್ ಹತ್ತಿರ ಅದೂ ಇಲ್ಲ. ನನಗೆ ಜಾಸ್ತಿ ಬೇಜಾರು ಮೀಡಿಯಂ ವೇವ್ ವಿಷಯಕ್ಕೆ. ಊರಿಗೆ ಹೋಗುವಾಗ ಅಮ್ಮ ಪಕ್ಕದಲ್ಲಿ ಕೂತು ಧಾರವಾಡ ಆಕಾಶವಾಣಿ, ಅಂದರೆ 765 ಕಿಲೋಹರ್ಟ್ಸ್, ಹಾಕು ಅನ್ನುತ್ತಾರೆ. ಕತ್ತಲಾದ ಮೇಲೆ ಈಗ ಬರೀ ಗೊರಗೊರ. ಅಂಗಡಿಯವರು ರೇಡಿಯೊನೇ ಬದಲಿಸಿ ಅನ್ನುತ್ತಿದ್ದಾರೆ. ಬದಲಿಸಲೇಬೇಕಾ?

ಡೊಂಬಿವಲಿ ಹ್ಯಾಮ್, ಮುಂಬೈ

ಬೇಡ ಸರ್, ರೇಡಿಯೊ ಮುಟ್ಟಬೇಡಿ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹಿಡಿಯೋಣ.

ಎಂಜಿನ್ ಆಫ್ ಮಾಡಿ, ಸಿಗ್ನಲ್ ಕಡಿಮೆ ಇರುವ ಒಂದು ಸ್ಟೇಷನ್ ಇಟ್ಟು ಹೆಡ್‌ಲೈಟ್ ಹಾಕಿ. ಬ್ಯಾಟರಿ ಇಳಿಯುತ್ತದೆ, ತುಂಬ ಹೊತ್ತು ಬೇಡ. ಆಗಲೂ ಸದ್ದು ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ತಪ್ಪಿಲ್ಲ. ಆಮೇಲೆ ಒಂದೊಂದೇ ಬಲ್ಬಿನ ಪ್ಲಗ್ ತೆಗೆದು ಕೇಳಿ. ಕೊನೆಗೆ ರೇಡಿಯೊ ಹಿಂದಿನ ಆಂಟೆನಾ ವೈರ್ ಕಳಚಿ. ಸದ್ದು ನಿಂತರೆ ಅದು ಗಾಳಿಯಲ್ಲಿ ಆಂಟೆನಾಗೆ ಬರುತ್ತಿದೆ. ನಿಲ್ಲದಿದ್ದರೆ ಬ್ಯಾಟರಿ ವೈರಿನಲ್ಲೇ ಬರುತ್ತಿದೆ.

ಮಡಗಾಂವ್ ಮೆಕ್ಯಾನಿಕ್, ಗೋವಾ

ಆಂಟೆನಾ ಬುಡವನ್ನೂ ಬಿಚ್ಚಿ ನೋಡಿ ಅಣ್ಣ. ನಮ್ಮ ಕಡೆ ಉಪ್ಪು ಗಾಳಿಗೆ ಅಲ್ಲಿ ತುಕ್ಕು ಹಿಡಿದು ಅರ್ತ್ ಹೋಗಿರುತ್ತದೆ. ಆಗ ಸಣ್ಣ ಗಲಾಟೆಯೂ ದೊಡ್ಡದಾಗಿ ಕೇಳುತ್ತದೆ.

ಕೋಥ್ರೂಡ್ ಕನ್ನಡಿಗ

ಬುಡದಲ್ಲಿ ತುಕ್ಕಿಲ್ಲ. ಎಂಜಿನ್ ಆಫ್ ಇದ್ದರೂ ಸದ್ದು ಇದೆ. ಎರಡೂ ಬಲ್ಬ್ ಸದ್ದು ಮಾಡುತ್ತಿವೆ, ಬಲಗಡೆಯದು ಜಾಸ್ತಿ. ಆಂಟೆನಾ ಕಳಚಿದರೆ ಪೂರ್ತಿ ಶಾಂತ.

ಡೊಂಬಿವಲಿ ಹ್ಯಾಮ್

ಹಾಗಾದರೆ ಬಲ್ಬಿನ ಡ್ರೈವರ್‌ದೇ, ಅಂದರೆ ಅದಕ್ಕೆ ಕರೆಂಟ್ ಕೊಡುವ ಪುಟ್ಟ ಸರ್ಕ್ಯೂಟಿನದೇ ಕೆಲಸ. ಹಾಲೊಜೆನ್‌ನಲ್ಲಿ ಇರುವುದು ಬರೀ ತಂತಿ, ಅದು ಬಿಸಿಯಾಗುತ್ತದೆ, ಬೆಳಗುತ್ತದೆ, ಅಷ್ಟೇ. ಎಲ್‌ಇಡಿಗೆ ಕರೆಂಟನ್ನು ಹದವಾಗಿ ಕೊಡಬೇಕು. ಅದಕ್ಕೆ ಡ್ರೈವರ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಮಾಡುತ್ತಿರುತ್ತದೆ. ಆ ಬಡಿತ ಮೀಡಿಯಂ ವೇವ್ ಮೇಲೆ ನೇರವಾಗಿ ಬೀಳುತ್ತದೆ. ಅದರ ಮರಿಗಳು, ಅಂದರೆ ಅದರ ಹಲವು ಪಟ್ಟು ಫ್ರೀಕ್ವೆನ್ಸಿಗಳು (ಹಾರ್ಮೋನಿಕ್), 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಎಫ್‌ಎಂಗೂ ಹತ್ತುತ್ತವೆ. ಬಲ್ಬಿನ ವೈರೇ ಆಂಟೆನಾ ಆಗುತ್ತದೆ. ಅಗ್ಗದ ಬಲ್ಬಿನಲ್ಲಿ ಮೊದಲು ಕೈಬಿಡುವುದೇ ಫಿಲ್ಟರ್.

ಕಾರೊಳಗಿನ ರೇಡಿಯೊ ಕಾಪಾಡಲು ಸಿಐಎಸ್‌ಪಿಆರ್ 25 ಅಂತ ಮಾನದಂಡವೇ ಇದೆ. ಕಂಪನಿಯಿಂದ ಬಂದ ಕಾರನ್ನು ನಿಮ್ಮ ಕೋಥ್ರೂಡ್‌ನ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿರುತ್ತಾರೆ. ಆಮೇಲೆ ನಾವು ತಂದು ಹಾಕಿದ ಬಲ್ಬ್ ಆ ಪರೀಕ್ಷೆಯಲ್ಲಿ ಇರಲಿಲ್ಲ ಅಲ್ವಾ?

ಈಗ ಬುಧವಾರ ಪೇಟೆಯ ಪಾಸೋಡ್ಯಾ ವಿಠೋಬಾ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ಫೆರೈಟ್ ಕೇಳಿ, ವೈರಿನಲ್ಲಿ ಹರಿಯುವ ಗಲಾಟೆ ತಡೆಯುವ ವಸ್ತು ಅದು. ಕಂಪ್ಯೂಟರ್ ಕೇಬಲ್ಲಿನ ತುದಿಯಲ್ಲಿ ದಪ್ಪಗೆ ಇರುತ್ತದಲ್ಲ, ಅದೇ. ಎಫ್‌ಎಂಗೆ ಮಿಕ್ಸ್ (ಫೆರೈಟ್ ವಸ್ತುವಿನ ನಂಬರ್) 43 ಅಥವಾ 31 ಆಗುತ್ತದೆ. ಪ್ಲಸ್, ಮೈನಸ್ ಎರಡೂ ವೈರ್ ಒಟ್ಟಿಗೇ ಒಂದೇ ಫೆರೈಟ್ ಒಳಗೆ ಹೋಗಬೇಕು. ಒಂದೇ ವೈರ್ ಹಾಕಿದರೆ ಬಲ್ಬಿನ ಕರೆಂಟಿಗೇ ಫೆರೈಟ್ ತುಂಬಿಹೋಗುತ್ತದೆ, ಕೆಲಸ ಮಾಡಲ್ಲ. ನಿಮ್ಮದು ಎಚ್4 ಆದ್ದರಿಂದ ಹೈ, ಲೋ, ಅರ್ತ್ ಮೂರೂ ಸೇರಿಸಿ. ಜಾಗ ಇದ್ದರೆ ಮೂರು ಸುತ್ತು ಸುತ್ತಿ. ತಡೆಯುವ ಶಕ್ತಿ ಸುತ್ತಿನ ವರ್ಗದಷ್ಟು ಏರುತ್ತದೆ, ಮೂರು ಸುತ್ತಿಗೆ ಹೆಚ್ಚುಕಡಿಮೆ ಒಂಬತ್ತು ಪಟ್ಟು. ಡ್ರೈವರ್ ಡಬ್ಬಿಗೆ ಒತ್ತಿಕೊಂಡೇ ಇರಲಿ. ಕಾರಿನ ಮೂಲ ವೈರಿಂಗ್ ಕತ್ತರಿಸಬೇಡಿ.

ಕೋಥ್ರೂಡ್ ಕನ್ನಡಿಗ

ಸರ್, ತುಂಬ ಥ್ಯಾಂಕ್ಸ್. ಎಫ್‌ಎಂ ಈಗ ಶುದ್ಧವಾಗಿದೆ, ಖಂಬಾಟ್ಕಿ ಘಾಟ್‌ನಲ್ಲೂ ಮೊದಲಿನ ಹಾಗೆ ಬರುತ್ತಿದೆ. 765 ಮಾತ್ರ ಹಾಗೇ ಇದೆ.

ಡೊಂಬಿವಲಿ ಹ್ಯಾಮ್

ಅದು ನಿರೀಕ್ಷೆ ಇತ್ತು. ಆ ಫೆರೈಟ್‌ಗಳಿಗೆ ಅಷ್ಟು ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಬಲ ಕಡಿಮೆ. ಮಿಕ್ಸ್ 75ರ ಬಳೆಯಂಥ ಫೆರೈಟ್‌ಗೆ ಹತ್ತಾರು ಸುತ್ತು ಸುತ್ತಬೇಕು. ಜೊತೆಗೆ ಡ್ರೈವರ್ ಇನ್‌ಪುಟ್‌ಗೆ 0.1 ಮೈಕ್ರೊಫ್ಯಾರಡ್, 100 ವೋಲ್ಟ್ ಸೆರಾಮಿಕ್ ಕೆಪಾಸಿಟರ್. ಸದ್ದು ಕಡಿಮೆಯಾಗಬಹುದು, ಪೂರ್ತಿ ಹೋಗುತ್ತದೆ ಅಂತ ನಾನು ಹೇಳಲ್ಲ. ಹೆಡ್‌ಲೈಟ್ ಗೂಡಿನಲ್ಲಿ ಅಷ್ಟು ದೊಡ್ಡ ಬಳೆಗೆ ಜಾಗವೂ ಕಷ್ಟ.

ಇನ್ನೊಂದು ಮಾತು. ಮೀಡಿಯಂ ವೇವ್ ಹಗಲಿಗಿಂತ ರಾತ್ರಿ ದೂರ ಹೋಗುತ್ತದೆ. ಹಗಲು ಅದನ್ನು ಹೀರುವ ಆಕಾಶದ ಕೆಳಗಿನ ಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಅಲೆ ಮೇಲಿನ ಪದರಕ್ಕೆ ಬಡಿದು ದೂರದ ಊರಿಗೆ ಇಳಿಯುತ್ತದೆ. ಅಂದರೆ ಧಾರವಾಡ ಸಾತಾರಾ ಕಡೆಗೆ, ಪುಣೆಗೆ ಬರುವ ಹೊತ್ತು, ನೀವು ಹೆಡ್‌ಲೈಟ್ ಹಾಕುವ ಹೊತ್ತು ಎರಡೂ ಒಂದೇ! ದೂರದಿಂದ ಬಂದ ಅಷ್ಟು ಸಣ್ಣ ಸಿಗ್ನಲ್ ಮುಂದೆ ಬಾನೆಟ್ ಕೆಳಗಿನ ಡ್ರೈವರ್ ಕೂಗುತ್ತಿದ್ದರೆ ಯಾವ ರೇಡಿಯೊ ಏನು ಮಾಡೀತು? ಅಮ್ಮನಿಗೆ ಧಾರವಾಡ ಬೇಕಿದ್ದರೆ ಹಳೇ 60/55 ವ್ಯಾಟ್ ಹಾಲೊಜೆನ್ ವಾಪಸ್ ಹಾಕಿ. ಎದುರು ಬರುವವರ ಕಣ್ಣಿಗೂ ಒಳ್ಳೆಯದು. ನಿಮ್ಮ ಹೆಡ್‌ಲೈಟ್‌ನ ಕನ್ನಡಿ ತಂತಿ ಬಲ್ಬಿಗೆ ಅಂತ ಮಾಡಿದ್ದು, ಎಲ್‌ಇಡಿಗಲ್ಲ.

ಕೋಥ್ರೂಡ್ ಕನ್ನಡಿಗ

ಹಾಲೊಜೆನ್ ಡಬ್ಬಿಯಲ್ಲೇ ಇಟ್ಟಿದ್ದೇನೆ. ಗಣೇಶ ಹಬ್ಬಕ್ಕೆ ಹೊರಡುವ ಮೊದಲು ಅದನ್ನೇ ಹಾಕುತ್ತೇನೆ. ಅಮ್ಮನಿಗೂ ಹೇಳಿದೆ.

ಡೊಂಬಿವಲಿ ಹ್ಯಾಮ್

ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡಿಗೆ ಬಲ್ಬ್ ಬೇಗ ಸುಡುತ್ತದೆ. ಆಮೇಲೆ ಗೋಡೆ ಎದುರು ನಿಲ್ಲಿಸಿ ಲೋ ಬೀಮ್ ಎತ್ತರ ಒಮ್ಮೆ ನೋಡಿಕೊಳ್ಳಿ.